ತಿರುಗುವ ಮಣೆ

"ಗುರುಗಳೇ, ಎದುರಿನವನ ಕಡೆಯಿಂದ ನೋಡಿದರೆ ಜಗಳ ಉಳಿಯುವುದಿಲ್ಲ ಎಂದು ನೀವೇ ಹೇಳಿದ್ದೀರಿ. ನಾನು ಹಾಗೇ ನೋಡುತ್ತಿದ್ದೇನೆ. ಆದರೂ ಅಡುಗೆಯ ಕೊಟ್ರಯ್ಯನಿಗೂ ನನಗೂ ದಿನವೂ ಜಗಳ. ಅಡುಗೆ ಆಯಿತೇ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದರೆ ಸಾಕು, ಮುಖ ಗಂಟು ಹಾಕುತ್ತಾನೆ. ಕಣ್ಣುಬಿಟ್ಟು ನೋಡುವುದೂ ಇಲ್ಲ. ಅವನ ಕಡೆಯಿಂದ ಎಷ್ಟು ಯೋಚಿಸಿದರೂ ನನ್ನ ತಪ್ಪು ನನಗೆ ಕಾಣಲಿಲ್ಲ. ಅವನನ್ನು ಮಠದಿಂದ ಕಳಿಸಿಬಿಡಿ. ಇಲ್ಲವೇ ನನ್ನನ್ನು ಕಳಿಸಿ."

ಶಿಷ್ಯ ಹೀಗೆ ಕೇಳಿದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಚದುರಂಗದಲ್ಲಿ ಅವನನ್ನು ಸೋಲಿಸಿದವರು ಇರಲಿಲ್ಲ. ಆ ಊರಿನ ಆಟದಲ್ಲಿ ಒಂದು ಪದ್ಧತಿ ಇತ್ತು. ನಡೆ ತೋಚದೆ ಹೋದರೆ ಆಟಗಾರ ಎದ್ದು ಹೋಗಿ ಎದುರಿನವನ ಪಕ್ಕದಲ್ಲಿ ಕೂರಬಹುದು. ಅಲ್ಲಿಂದ ಮಣೆ ನೋಡಿ ಬರಬಹುದು. ಬಡಗಿಗೆ ಏಳುವುದು ಬೇಸರ. ಬುದ್ಧಿವಂತ ಬೇರೆ. ಹಲಸಿನ ಹಲಗೆಯಲ್ಲಿ ಒಂದು ಮಣೆ ಮಾಡಿದ. ಅಡಿಯಲ್ಲಿ ಗೂಟ ಕೂರಿಸಿದ. ಮಣೆ ಬೀಸುಕಲ್ಲಿನ ಹಾಗೆ ತಿರುಗುತ್ತಿತ್ತು. ಕಾಯಿ ಅಲುಗುತ್ತಿರಲಿಲ್ಲ. ನಡೆ ಇಡುವ ಮೊದಲು ಮಣೆ ತಿರುಗಿಸುವನು. ಎದುರಿನವನ ಆಟವನ್ನು ಕೂತಲ್ಲೇ ನೋಡುವನು. ಮತ್ತೆ ತಿರುಗಿಸಿ ತನ್ನ ನಡೆ ಇಡುವನು. ಊರು ಹೊಗಳಿತು.

ಅವನ ಹೆಂಡತಿ ನೋಡಿ ನೋಡಿ ಆಟ ಕಲಿತಳು. ಸಂಜೆ ಇಬ್ಬರೂ ಜಗಲಿಯ ಮೇಲೆ ಆಡುತ್ತಿದ್ದರು. ಒಲೆಯ ಮೇಲೆ ಸಾರು ಇರುತ್ತಿತ್ತು. ಅದಕ್ಕೆ ಅವಳು ಬಾಗಿಲ ಕಡೆ ಕೂರುವಳು. ಅವನು ಬೀದಿಗೆ ಬೆನ್ನು ಮಾಡಿ ಕೂರುವನು. ದಿನವೂ ಅವನದೇ ಗೆಲುವು. ಆಡುವಾಗ ಅವಳು ಒಂದು ಕೈ ಹಣೆಗೆ ಇಟ್ಟುಕೊಂಡಿರುತ್ತಿದ್ದಳು.

"ಏನೇ, ಸೋಲುವ ಮೊದಲೇ ಹಣೆ ಚಚ್ಚಿಕೊಳ್ಳುತ್ತೀಯಾ?" ಎನ್ನುವನು.

"ನೀವು ಆಡಿ. ನನ್ನ ಹಣೆಯ ಚಿಂತೆ ನಿಮಗೇಕೆ?" ಎನ್ನುವಳು. ನಗುವಳು.

ಒಂದು ಸಂಜೆ ಅವನು ಅವಳ ರಾಜನಿಗೆ ಮುತ್ತಿಗೆ ಹಾಕಿದ. ಅವಳು ಬಹಳ ಹೊತ್ತು ನೋಡಿದಳು.

"ನನಗೊಂದು ನಡೆ ಕಂಡಿದೆ. ಮೈ ಬಿಸಿಯಾಗಿದೆ, ನಾಳೆ ಇಡುತ್ತೇನೆ. ಮಣೆ ಹಾಗೇ ಇರಲಿ," ಎಂದಳು. ಒಳಗೆ ಹೋಗಿ ಮಲಗಿದಳು. ಜ್ವರ ಇಳಿಯಲಿಲ್ಲ. ಅವಳು ಹೋದಳು.

ಬಡಗಿ ಮಣೆ ಎತ್ತಲಿಲ್ಲ. ಉಳಿ ಮುಟ್ಟಲಿಲ್ಲ. ಅವಳು ಕಂಡ ನಡೆ ಯಾವುದು? ಅದೊಂದು ಬೇಕಾಗಿತ್ತು ಅವನಿಗೆ. ಮಣೆ ತಿರುಗಿಸುವನು. ಅವಳ ಕಾಯಿಗಳಿಂದ ತನ್ನ ರಾಜನ ಮೇಲೆ ಏರಿಹೋಗುವ ದಾರಿ ಹುಡುಕುವನು. ದಾರಿ ಇರಲಿಲ್ಲ. ಒಬ್ಬ ವ್ಯಾಪಾರಿ ಮಾತನಾಡಿಸಲು ಬಂದ. ಅವನೂ ಒಳ್ಳೆಯ ಆಟಗಾರ. ಅವನೂ ತಿರುಗಿಸಿ ನೋಡಿದ.

"ನಡೆ ಇಲ್ಲ ಮಾರಾಯ. ನೀನು ಗೆದ್ದಾಗಿದೆ. ಜ್ವರದಲ್ಲಿ ಏನೋ ಅಂದಿದ್ದಾಳೆ. ಕಾಯಿ ಎತ್ತಿಡು."

"ಇಲ್ಲದ್ದನ್ನು ಇದೆ ಅನ್ನುವವಳಲ್ಲ ಅವಳು," ಎಂದ ಬಡಗಿ.

ಚಳಿಗಾಲ ಬಂತು. ಒಂದು ಸಂಜೆ ನೆರೆಮನೆಯ ಮುದುಕಿ ಅಂಬಲಿ ತಂದಳು. ಅವಳಿಗೆ ಆಟ ಗೊತ್ತಿಲ್ಲ.

"ಏಳೋ, ಅಲ್ಲಿ ಕೂತು ನಾನು ಬೆನ್ನು ಕಾಯಿಸಿಕೊಳ್ಳುತ್ತೇನೆ. ನೀನು ಆ ಕಡೆ ಹೋಗಿ ಕುಡಿ. ರಾಗಿ ಬೀಸಿದ ಹಾಗೆ ಅದನ್ನು ಎಷ್ಟು ತಿರುಗಿಸುತ್ತೀಯೋ!"

ಹಿರಿಯಳು. ಅವನು ಮಣೆಯನ್ನು ಮೊದಲಿನಂತೆ ತಿರುಗಿಸಿಟ್ಟು ಎದ್ದ. ಬಾಗಿಲ ಕಡೆ ಹೋಗಿ ಕೂತ. ಆ ಜಾಗದಲ್ಲಿ ಅವನು ಎಂದೂ ಕೂತವನಲ್ಲ. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಕೈ ತಾನಾಗಿ ಹಣೆಗೆ ಹೋಯಿತು.

ಹಾಗೇ ಕೂತ. ಅಂಬಲಿ ಆರಿತು.

"ಬಿಸಿಲಿಗೆ ಕಣ್ಣಲ್ಲಿ ನೀರು ಬಂತು ನೋಡು," ಎಂದಳು ಮುದುಕಿ.

ಅವನು ಕೈ ಮರೆ ಮಾಡಿಕೊಂಡು ಮಣೆ ನೋಡಿದ. ಆಚೆಯ ಕಾಯಿಗಳು ಬೆಳಕಿನಲ್ಲಿ ಉರಿಯುತ್ತಿದ್ದವು, ಒಂದೂ ಕಾಣಲಿಲ್ಲ. ಕಂಡದ್ದು ಹತ್ತಿರದ ಸಾಲುಗಳು ಮಾತ್ರ. ಅಲ್ಲಿ ಅವಳ ರಾಜ ಇದ್ದ. ಅವನ ಹಿಂದೆ ಒಂದು ಮನೆ ಖಾಲಿ ಇತ್ತು. ಮೇಲೆ ಏರಿಹೋಗುವ ನಡೆಯಲ್ಲ. ಹಿಂದೆ ಸರಿಯುವ ನಡೆ. ಅದನ್ನು ಯಾರೂ ಹುಡುಕಿರಲಿಲ್ಲ. ಬಡಗಿ ರಾಜನನ್ನು ಒಂದು ಮನೆ ಹಿಂದಕ್ಕೆ ಇಟ್ಟ. ತಾನು ಹಾಕಿದ್ದ ಮುತ್ತಿಗೆ ಅಷ್ಟಕ್ಕೇ ಬಿಚ್ಚಿಹೋಯಿತು. ಅವನು ಗೆದ್ದಿರಲಿಲ್ಲ. ಅವಳು ಸೋತಿರಲಿಲ್ಲ. ಆಟ ಇನ್ನೂ ಇತ್ತು.

ಮರುದಿನ ಬಡಗಿ ಉಳಿ ಹಿಡಿದ. ಮೊದಲು ಮಾಡಿದ ಕೆಲಸ, ಮಣೆಯ ಗೂಟ ಕಿತ್ತದ್ದು. ಆಮೇಲೆ ಯಾರು ಆಡಲು ಬಂದರೂ ಅವರನ್ನು ಬೀದಿಗೆ ಬೆನ್ನು ಮಾಡಿ ಕೂರಿಸುವನು. ತಾನು ಬಾಗಿಲ ಕಡೆ ಕೂರುವನು. ಒಮ್ಮೊಮ್ಮೆ ಸೋಲುವನು. ವ್ಯಾಪಾರಿ ಕೇಳಿದ, "ಇಷ್ಟು ದೊಡ್ಡ ಆಟಗಾರ, ಬಿಸಿಲಿಗೆ ಯಾಕೆ ಕೂರುತ್ತೀಯ?"

ಬಡಗಿ ಹೇಳಿದ, "ದೊಡ್ಡ ಆಟ ಅವಳದು. ಅರ್ಧ ಮಣೆ ಕಾಣದೆ ನನ್ನ ಎದುರು ಅಷ್ಟು ವರ್ಷ ಆಡಿದಳು. ಒಂದು ದಿನವೂ ಜಾಗ ಬದಲಿಸೋಣ ಅನ್ನಲಿಲ್ಲ. ನಾನು ಈಗ ಕಲಿಯುತ್ತಿದ್ದೇನೆ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ಕೆರೆದುಕೊಂಡ. "ಆಕೆ ದೊಡ್ಡವಳು, ನಿಜ. ಆದರೆ ಗುರುಗಳೇ, ನಮ್ಮ ಕೊಟ್ರಯ್ಯ ಬಿಸಿಲಿಗೆ ಕೂರುವುದಿಲ್ಲವಲ್ಲ?"

ಗುರುಗಳು ಕೇಳಿದರು, "ನಮ್ಮ ಒಲೆಯ ಹೊಗೆ ಯಾವ ಕಡೆಗೆ ಹೊಡೆಯುತ್ತದಪ್ಪಾ?"