ಮಾಳವ್ವ ಹಿಂಜಿದ ಉಣ್ಣೆ

ಲೋಕ ಇನ್ನೂ ಹೊಸದಾಗಿತ್ತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಆಗ ಆಕಾಶದಲ್ಲಿ ಇದ್ದದ್ದು ಮಳೆ ಹೊರುವ ಕರಿ ಮೋಡಗಳು ಮಾತ್ರ. ಅವು ಸುರಿದು ಹೋದ ಮೇಲೆ ಎಲ್ಲೆಲ್ಲೂ ಬರೀ ನೀಲಿ.

ಆ ಕಾಲದಲ್ಲಿ ಒಂದು ಹುಲ್ಲುಗಾವಲಿನ ಅಂಚಿನಲ್ಲಿ ಮಾಳವ್ವ ಎಂಬ ಮುದುಕಿ ಇದ್ದಳು. ಅವಳೂ ಅವಳ ಗಂಡ ಬೀರಜ್ಜನೂ ಉಣ್ಣೆಯ ಕಂಬಳಿ ಮಾಡುತ್ತಿದ್ದರು. ಕತ್ತರಿಸಿದ ಉಣ್ಣೆ ಗಂಟುಗಂಟಾಗಿರುತ್ತದೆ. ಹಾಗೇ ನೂಲಲು ಬರುವುದಿಲ್ಲ, ಮೊದಲು ಹಿಂಜಬೇಕು. ಮಾಳವ್ವ ಬಿಲ್ಲಿನ ಹೆದೆಯನ್ನು ಉಣ್ಣೆಗೆ ತಾಗಿಸಿ ಮೀಟುವಳು. ಟುಂಯ್, ಟುಂಯ್. ಗಂಟು ಬಿಟ್ಟು ಉಣ್ಣೆ ಎಳೆ ಎಳೆಯಾಗಿ ಮೇಲೇಳುವುದು. ಎದುರಿಗೆ ಕೂತ ಬೀರಜ್ಜ ಅದನ್ನು ಅಂಗೈಯಲ್ಲಿ ಹಿಡಿದು ಬುಟ್ಟಿಗೆ ಹಾಕುವನು.

ಈ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಹಿಂಜುವಾಗ ಮಾತಾಡಬಾರದು. ಎದುರಿಗೆ ಕೂತವರು ಬುಟ್ಟಿ ಮುಚ್ಚುವ ತನಕ ಜೋರಾಗಿ ಉಸಿರು ಬಿಡಬಾರದು. ಹಿಂಜಿದ ಉಣ್ಣೆ ಅಷ್ಟು ಹಗುರ.

ಒಂದು ಸಲ ಚಳಿ ಶುರುವಾಗುವ ಹೊತ್ತಿಗೆ ಬೀರಜ್ಜ ಬಿಳಿ ಕುರಿಯ ಉಣ್ಣೆ ಕತ್ತರಿಸಿ, ಹಳ್ಳದಲ್ಲಿ ತೊಳೆದು, ಬಂಡೆಯ ಮೇಲೆ ಹರವಿದ. ಅದು ಒಣಗುವ ಮೊದಲೇ ತೀರಿಕೊಂಡ.

ಅವನ ಕೈಯ ಕೊನೆಯ ಉಣ್ಣೆ ಅದು. ಅದರಿಂದ ಒಂದು ಕಂಬಳಿ ಮಾಡಿ ಹೊದ್ದುಕೊಳ್ಳಬೇಕು ಎಂಬುದೊಂದೇ ಮಾಳವ್ವನ ಆಸೆ. ಆದರೆ ಮೀಟುವವಳೂ ಅವಳೇ, ಹಿಡಿಯುವವಳೂ ಅವಳೇ ಆದರೆ ಹೇಗೆ?

ಅವಳು ಹಳ್ಳವನ್ನು ಕರೆದಳು. ತನ್ನ ಕೈ ಯಾವಾಗಲೂ ಒದ್ದೆ ಎಂದು ಹಳ್ಳ ಹೇಳಿತು. ಬೆಟ್ಟವನ್ನು ಕೇಳಿದಳು. ಒಮ್ಮೆ ಎದ್ದರೆ ಮತ್ತೆ ಕೂರಲು ಬರುವುದಿಲ್ಲ ಎಂದು ಬೆಟ್ಟ ಹೇಳಿತು. ಬಿಳಿ ಕುರಿ ಬಂದು ಕೂತಿತು, ಆದರೆ ಗೊರಸಿನಲ್ಲಿ ಉಣ್ಣೆ ನಿಲ್ಲಲಿಲ್ಲ.

ಆಗ ಗಾಳಿ ಬಂತು. ತಾನು ಲೋಕವೆಲ್ಲ ಸುತ್ತಿದ್ದೇನೆ, ಎಲ್ಲಿಯೂ ಯಾರೂ ಕೂರು ಅಂದಿಲ್ಲ, ಇಲ್ಲಿ ಕೂರಲೇ ಎಂದು ಕೇಳಿತು.

ಕುರಿ ನಕ್ಕಿತು. "ಲೋ ಗಾಳಿ, ಕೂರೋಕೆ ನಿನಗೆ ಕುಂಡಿ ಎಲ್ಲೈತೆ?"

ಮಾಳವ್ವ ಕುರಿಯನ್ನು ಗದರಿಸಿ, ಗಾಳಿಗೆ ಬೀರಜ್ಜನ ಜಾಗ ತೋರಿಸಿದಳು. ಕಟ್ಟಳೆಯನ್ನು ಬಿಡಿಸಿ ಹೇಳಿದಳು.

ಗಾಳಿ ಕೂತು ಉಸಿರು ಬಿಗಿಹಿಡಿಯಿತು. ಹುಲ್ಲು ಅಲುಗಲಿಲ್ಲ. ಹಳ್ಳದ ನೀರಿನಲ್ಲಿ ಒಂದು ಸುಕ್ಕೂ ಏಳಲಿಲ್ಲ. ಟುಂಯ್, ಟುಂಯ್. ಉಣ್ಣೆ ಎದ್ದಷ್ಟನ್ನೂ ಗಾಳಿ ಹಿಡಿದು ಹಿಡಿದು ಬುಟ್ಟಿಗೆ ಹಾಕಿತು. ಬುಟ್ಟಿ ತುಂಬುತ್ತಾ ಬಂತು. ಇನ್ನು ಒಂದೇ ಒಂದು ಗಂಟು ಉಳಿದಿತ್ತು.

ಮಾಳವ್ವ ತಲೆಯೆತ್ತಿದಳು. ಎದುರಿಗೆ ಉಣ್ಣೆ ತಾನಾಗಿ ನಿಂತಿತ್ತು. ಹಿಡಿದ ಕೈ ಕಾಣಲಿಲ್ಲ. ಕೂತವರೂ ಕಾಣಲಿಲ್ಲ. ಬಹಳ ದಿನದಿಂದ ಯಾರೊಂದಿಗೂ ಮನಸ್ಸಿನ ಮಾತಾಡದ ಅವಳಿಗೆ ಕಟ್ಟಳೆ ಮರೆತುಹೋಯಿತು.

"ನೀನು ಕೂತಿದ್ದೀಯ ಅಂತ ಗೊತ್ತಪ್ಪ ನನಗೆ. ಆದ್ರೂ ಆ ಜಾಗ ಖಾಲಿನೇ ಕಾಣ್ತೈತೆ."

ಗಾಳಿಗೆ ಅಯ್ಯೋ ಅನಿಸಿತು. ತಡೆಯಲಾಗದೆ ಅದು ಒಂದು ನಿಟ್ಟುಸಿರು ಬಿಟ್ಟಿತು.

ಅಷ್ಟೇ. ಬುಟ್ಟಿಯಲ್ಲಿದ್ದ ಉಣ್ಣೆಯೆಲ್ಲ ಎದ್ದು, ಹುಲ್ಲಿನ ಮೇಲೆ ಹಾರಿ, ಬೆಟ್ಟದ ತಲೆ ದಾಟಿ ಹೋಯಿತು.

ಗಾಳಿ ಅಳುದನಿ ತೆಗೆಯಿತು. ಮಾಳವ್ವ ಬೈಯಲಿಲ್ಲ. "ಮಾತಾಡಿದವಳು ನಾನೇ ಬಿಡು," ಎಂದಳು.

ಎಲ್ಲವನ್ನೂ ಆಯ್ದು ತರುತ್ತೇನೆ ಎಂದು ಗಾಳಿ ಮೇಲಕ್ಕೆ ಓಡಿತು. ಅಲ್ಲಿ ಉಸಿರು ಹಿಡಿದು ಒಂದೊಂದೇ ಎಳೆ ಕೂಡಿಸುತ್ತದೆ. ಕೂಡಿಸಿ ಇನ್ನೇನು ಇಳಿಯಬೇಕು, ಮುದುಕಿಯ ಮಾತು ನೆನಪಾಗುತ್ತದೆ. ಮತ್ತೆ ನಿಟ್ಟುಸಿರು. ಮತ್ತೆ ಎಲ್ಲವೂ ಚೆದುರುತ್ತದೆ.

ಆ ಚಳಿಗಾಲ ಮಾಳವ್ವ ಹಳೆಯ ಕಂಬಳಿಯನ್ನೇ ಹೊದ್ದು ಬಾಗಿಲಲ್ಲಿ ಕೂತು ಮೇಲೆ ನೋಡಿದಳು.

ಈಗಲೂ ಮಳೆಗಾಲ ಕಳೆದ ಮೇಲೆ ಬಹಳ ಎತ್ತರದಲ್ಲಿ ತೆಳ್ಳನೆಯ ಬಿಳಿ ಮೋಡ ಎಳೆ ಎಳೆಯಾಗಿ ಹರಡಿರುವುದನ್ನು ನೀವು ನೋಡುತ್ತೀರಿ. ಅದರಿಂದ ಒಂದು ಹನಿಯೂ ಬೀಳುವುದಿಲ್ಲ, ಏಕೆಂದರೆ ಅದು ಮಳೆಯ ಮೋಡವಲ್ಲ, ಮಾಳವ್ವನಿಗೆ ಇನ್ನೂ ತಲುಪದ ಉಣ್ಣೆ.