ಅರವಟ್ಟಿಗೆಯ ಹಿರಿತನ

ಹೊಳೆಯ ದಂಡೆಯಲ್ಲಿ ಮುಪ್ಪಯ್ಯನವರ ಆಶ್ರಮ. ಆಶ್ರಮವೆಂದರೆ ಎರಡು ಜೋಪಡಿ, ಒಂದು ಬೇವಿನ ಮರ, ಪ್ರಶ್ನೆ ಕೇಳಿ ಕೇಳಿ ಗುರುವಿನ ತಲೆ ತಿನ್ನುವ ಹದಿನೈದಿಪ್ಪತ್ತು ಹುಡುಗ ಹುಡುಗಿಯರು.

ಬೇಸಿಗೆ ಬಂತೆಂದರೆ ಅವರಿಗೆ ಓದು ಬರಹ ಇಲ್ಲ. ಸಂತೆಯ ದಾರಿಯುದ್ದಕ್ಕೂ ಎಂಟು ಅರವಟ್ಟಿಗೆ ಹಾಕಿ, ನಡೆದು ಬರುವವರಿಗೆ ನೀರು ಕೊಡಬೇಕು. ಎಂಟಕ್ಕೂ ಸೇರಿ ಒಬ್ಬರೇ ಹಿರಿಯರು. ಆ ಹಿರಿತನ ಈ ಸಲ ತನಗೇ ಸಿಗಬೇಕೆಂದು ಶಿಷ್ಯ ಕೊಟ್ರೇಶನಿಗೆ ಬಹಳ ಆಸೆ.

"ಮೊದಲ ಒಂದು ನಡಸಿ ತೋರ್ಸು. ಆಮ್ಯಾಲ ನೋಡೋಣು," ಎಂದರು ಮುಪ್ಪಯ್ಯ.

ಕೊಟ್ರೇಶ ನಡೆಸಿದ. ಚಪ್ಪರ ಹಾಕಿಸಿದ, ಹೊಸ ಮಣ್ಣಿನ ಹರವಿಗಳಲ್ಲಿ ಲಾವಂಚದ ನೀರು ತುಂಬಿಸಿದ. ಜನ ಸಾಲಾಗಿ ಬಂದು, ಬಾಗಿ ಬೊಗಸೆ ಒಡ್ಡಬೇಕು. ಅವನು ಕಟ್ಟೆಯ ಮೇಲೆ ನಿಂತು ಗಿಂಡಿಯಿಂದ ಸುರಿಯುತ್ತ, "ಮುಂದ ಬರ್ರಿ, ನೂಕಬ್ಯಾಡ್ರಿ, ಎಲ್ಲಾರಿಗೂ ಐತಿ" ಎಂದು ಸಾಲು ನಿಭಾಯಿಸುತ್ತಿದ್ದ. ಒಬ್ಬೊಬ್ಬರಿಗೆ ಒಂದೊಂದು ತುಂಬು ಗಿಂಡಿ ನೀರು. ಜೊತೆಯ ಶಿಷ್ಯೆ ಪಾರವ್ವ ಹೊಳೆಯಿಂದ ನೀರು ಹೊರುತ್ತಿದ್ದಳು. ಎಲ್ಲ ಅಚ್ಚುಕಟ್ಟು.

ಐದನೆಯ ದಿನ ಮಧ್ಯಾಹ್ನ ಗುರು ನೋಡಲು ಬಂದರು.

"ಗುರುಗಳ, ಒಂದು ತಿಳೀವಲ್ದು," ಎಂದ ಕೊಟ್ರೇಶ. "ಬಳಿ ಮಾರೋ ಹೊನ್ನವ್ವ ಮೊದಲನೇ ದಿನ ಇಲ್ಲೇ ನೀರು ಕುಡಿದ್ಲು. ಆಮ್ಯಾಲ ದಿನಾ ಇದ ದಾರಿಯಾಗ ಹೋಗ್ತಾಳ, ತುಟಿ ಒಣಗಿರ್ತಾವ, ಈ ಕಡೆ ತಿರುಗಿನೂ ನೋಡಂಗಿಲ್ಲ. ಈಗಷ್ಟ ಹೋದ್ಲು."

"ಕರದೇನು?"

"ಕರದೆ. ನೀರಡಿಕೆ ಇಲ್ಲಪ್ಪ ಅಂದ್ಲು. ಇಂಥಾ ಬಿಸಲಾಗ ನೀರಡಿಕೆ ಆಗಲಾರದ ಇರ್ತದೇನ್ರಿ?"

"ಅದಿರ್ಲಿ. ನೀ ಬಾಗು, ಬೊಗಸಿ ಹಿಡಿ." ಮುಪ್ಪಯ್ಯ ಗಿಂಡಿ ಕೈಗೆ ತೆಗೆದುಕೊಂಡರು.

ಕೇಳಿದ್ದೊಂದು, ಗುರು ಹೇಳುತ್ತಿರುವುದೊಂದು. ಆದರೂ ಕೊಟ್ರೇಶ ಬಾಗಿದ.

ಗುರು ಸುರಿದರು. ಸುರಿಯುತ್ತಲೇ ದಾರಿಯ ಕಡೆ ನೋಡಿದರು, ಬಂದವರನ್ನು ಮಾತಾಡಿಸಿದರು, ಒಬ್ಬನ ಎಮ್ಮೆಯ ಯೋಗಕ್ಷೇಮವನ್ನೂ ವಿಚಾರಿಸಿದರು. ಕೊಟ್ರೇಶನಿಗೆ ಸಾಕಾಯಿತು. ನೀರು ನಿಲ್ಲಲಿಲ್ಲ. ಮೂಗಿಗೆ ಏರಿತು, ಎದೆಯ ಮೇಲೆ ಇಳಿಯಿತು. ಅವನು ಕೆಮ್ಮುತ್ತ ಹಿಂದೆ ಸರಿದ. ಸಾಲಿನಲ್ಲಿದ್ದವರು ನಕ್ಕರು. ಅವನಿಗೆ ತುಂಬ ನಾಚಿಕೆಯಾಯಿತು.

"ಸಾಕು ಅನ್ನಬೇಕಿತ್ತಪ್ಪ," ಎಂದರು ಗುರು.

"ಬಾಯಾಗ ನೀರಿತ್ತು. ಹೆಂಗ ಅನ್ನಲಿ?"

"ಮತ್ತ ನನಗ ಹೆಂಗ ಗೊತ್ತಾಗಬೇಕು?"

"ನೀವು ನನ್ನ ಮುಖ ನೋಡಿದ್ರ..."

ಅವನು ಗುರುವಿನ ಕೈಯಿಂದ ಗಿಂಡಿ ಇಸಿದುಕೊಂಡು, ನೀರು ತುಂಬಿ, ದಾರಿ ಹಿಡಿದು ಓಡಿದ.

ಹೊನ್ನವ್ವ ಬಳೆಯ ಮಲಾರ ಇಳಿಸಿ ಜಾಲಿಯ ನೆರಳಲ್ಲಿ ಕೂತಿದ್ದಳು.

"ಹೊನ್ನವ್ವ, ಅವತ್ತು ಏನಾತು?"

"ಏನಿಲ್ಲ ಬಿಡು ತಮ್ಮಾ. ನೆತ್ತಿಗೇರಿತು, ಕೆಮ್ಮಿದೆ. ನೀರೆಲ್ಲ ಸೀರಿ ಮ್ಯಾಲ ಚೆಲ್ತು. ಅಷ್ಟು ಮಂದಿ ಮುಂದ ಹಸಿ ಸೀರಿಯಾಗ ನಿಂತಿದ್ದೆ. ನೀ ಮುಂದ ಬರ್ರಿ ಮುಂದ ಬರ್ರಿ ಅನ್ನಾಕ ಹತ್ತಿದ್ದಿ."

ಕೊಟ್ರೇಶ ಅವಳ ಎದುರು ಮೊಣಕಾಲೂರಿ ಕೂತ. ಹೊನ್ನವ್ವ ಸ್ವಲ್ಪ ಹೊತ್ತು ಅವನನ್ನೇ ನೋಡಿ, ಆಮೇಲೆ ಬೊಗಸೆ ಒಡ್ಡಿದಳು. ಅವನು ಸಣ್ಣಗೆ ಸುರಿದ. ಅವಳು ಉಸಿರು ತೆಗೆದುಕೊಂಡಾಗ ನಿಲ್ಲಿಸಿದ, ಮತ್ತೆ ಬಾಗಿದಾಗ ಸುರಿದ. ಅವಳ ಹುಬ್ಬು ಮೇಲೇರಿತು, ಅವನು ಗಿಂಡಿ ಎತ್ತಿದ. ಅರ್ಧ ನೀರು ಹಾಗೇ ಉಳಿದಿತ್ತು.

ತಿರುಗಿ ಬಂದರೆ ಸಾಲು ದಾರಿಯವರೆಗೂ ಬೆಳೆದಿತ್ತು, ಜನ ಗೊಣಗುತ್ತಿದ್ದರು. ಐದು ದಿನದಿಂದ ಅವನ ಜೊತೆಗಿದ್ದ ಪಾರವ್ವ ಒಬ್ಬಳೇ ಕಟ್ಟೆಯ ಮೇಲೆ ನಿಂತು, ತುಟಿ ಕಚ್ಚಿಕೊಂಡು ಸುರಿಯುತ್ತಿದ್ದಳು. ಗುರು ಹರವಿಗೆ ನೀರು ತುಂಬುತ್ತಿದ್ದರು.

"ಒಬ್ಬಾಕಿ ಸಲುವಾಗಿ ಇಷ್ಟು ಮಂದೀನ ಬಿಸಲಾಗ ನಿಲ್ಲಿಸಿದೆ," ಎಂದ ಕೊಟ್ರೇಶ. "ನನ್ನ ಹಿರಿತನ ಹೋತೇನ್ರಿ?"

"ಹೊನ್ನವ್ವಗ ಸಾಕಾದದ್ದು ಹೆಂಗ ಗೊತ್ತಾತು?"

"ಹುಬ್ಬು ಎತ್ತಿದ್ಲು."

ಮುಪ್ಪಯ್ಯ ಕೊಡ ಕೆಳಗಿಟ್ಟು, ದಣಿದ ಪಾರವ್ವನ ಮುಖದ ಕಡೆ ನೋಡಿ, ಕೊಟ್ರೇಶನಿಗೆ ಹೇಳಿದರು.

"ನಾಳಿಂದ ಎಂಟೂ ಅರವಟ್ಟಿಗಿ ನಿನ್ನವು. ನೀರು ಹಾಕೋರ ಮುಖ ನೋಡಕೋಂತ ಹೋಗು. ಅವರಿಗೂ ಸಾಕು ಅನ್ನಾಕ ಬರಂಗಿಲ್ಲ."