ಹಸಿರು ಬಾಗಿಲಿನ ಕೆಂಪು ಕನಸು

ಬೀಗ ಬಡಿದು ಬಡಿದು ಹಸಿರು ಕಬ್ಬಿಣದ ಬಾಗಿಲಿನ ಬಣ್ಣ ಒಂದು ಕಡೆ ಕಿತ್ತುಹೋಗಿತ್ತು. ಅಲ್ಲಿ ಕೂತ ನೀರಹನಿ ಪಿಸುಗುಟ್ಟಿತು: “ನೀನು ಅದಿರಾಗಿ ಹುಟ್ಟಿದ ಕೆಂಪುಗುಡ್ಡದ ಕಥೆ ಹೇಳುತ್ತೇನೆ. ನನ್ನನ್ನು ಇಲ್ಲೇ ಇರಲು ಬಿಡು.”

ಬಾಗಿಲು ಮೈಮರೆತು ಕೇಳಿತು.

ಮನೆಯೊಡತಿ ಚೆನ್ನಾಜಮ್ಮ ಗಾಯ ಕಂಡು ಮರಳುಕಾಗದ ತಂದಳು. “ಚೆನ್ನಾಗಿ ಉಜ್ಜಿ ಬಣ್ಣ ಬಳಿಯುತ್ತೇನೆ.”

“ಉಜ್ಜಿದರೆ ಉರಿಯುತ್ತದೆ ತಾಯಿ,” ಬಾಗಿಲು ಕಿರ್ರೆಂದಿತು. “ಮೇಲೊಂದು ‘ಸುಸ್ವಾಗತ’ದ ಸ್ಟಿಕರ್ ಅಂಟಿಸಿಬಿಡಿ.”

ಅವಳಿಗೂ ಅದೇ ಸಲೀಸಾಗಿ ಕಂಡಿತು.

ಸ್ಟಿಕರಿನ ಮರೆಯಲ್ಲಿ ಹನಿ ತುಕ್ಕಾಗಿ ಹರಡಿತು, ಕಥೆಯೂ ಬೆಳೆಯಿತು. ಬಾಗಿಲಿಗೆ ಹಗಲೆಲ್ಲ ಕನಸು: ತಾನೇ ಗುಡ್ಡ, ಗಾಳಿ ತನ್ನ ಮೈಯೊಳಗಿಂದಲೇ ಬೀಸುತ್ತಿದೆ.

“ಎಷ್ಟು ಹಗುರಾಗಿದ್ದೇನೆ! ನನ್ನ ಗುಡ್ಡ ಇನ್ನೆಷ್ಟು ದೂರ?” ಎಂದು ಕನವರಿಸಿತು.

“ಬಂದೇಬಿಟ್ಟಿತು. ಕೆಳಗೆ ನೋಡು,” ಎಂದಿತು ತುಕ್ಕು.

ಹೊಸ್ತಿಲ ಮೇಲೆ ಕೆಂಪು ಪುಡಿಯ ಪುಟ್ಟ ಗುಡ್ಡವಿತ್ತು. ಚೆನ್ನಾಜಮ್ಮ ಅದನ್ನು ಗುಡಿಸುತ್ತಿದ್ದಳು.